ಪಂಗಾಳಿಗೆ ಕೊಟ್ಟ ಬೀಗದ ಕೈ

3 ಮಾರ್ಚ್ 2025, ಸೋಮವಾರ

ಹೊಸ ನೋಟ್‌ಬುಕ್ಕು, ಕನ್ನಡ ಅಕ್ಷರ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಮಾತ್ರ ಒಬ್ಬರಿಗೂ ಬರುವುದಿಲ್ಲ. ಅಪ್ಪ ಓದುವುದು ತಮಿಳು ಪೇಪರು. ಅವ್ವ, ಅಂದರೆ ಅಪ್ಪನ ಅಮ್ಮ ಕಾಮಾಕ್ಷಿಯಮ್ಮಾಳ್, ಯಾವ ಅಕ್ಷರದ ಗೊಡವೆಗೂ ಹೋದವಳಲ್ಲ. ಮೈಸೂರಿನಲ್ಲಿ ಎರಡು ವರ್ಷ ಎಂಸಿಎ ಓದುವಾಗ ಬಸ್ಸಿನ ಬೋರ್ಡು ನೋಡಿ ನೋಡಿ ನಾನೊಬ್ಬಳು ಕಲಿತೆ. ಈ ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟು ಹೋದರೂ ತಮಿಳುನಾಡಿನ ಈ ಕಂಬಂನಲ್ಲಿ ಯಾರೂ ಓದಲಾರರು. ಇದಕ್ಕಿಂತ ಗಟ್ಟಿ ಬೀಗ ನನಗೆ ಗೊತ್ತಿಲ್ಲ.

ಯಾಕೆ ಬರೆಯುತ್ತಿದ್ದೇನೆ ಅಂದರೆ ಬೆಳಿಗ್ಗೆ ಕಾಮರಾಜ್ ಸಾರ್ ಕಳಿಸಿದ ಸಂದೇಶ ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ತೇವಾರಂನಲ್ಲಿ ಮೇಷ್ಟ್ರು ಅವರು. ಶಾಲೆಯ ಹನ್ನೆರಡು ಹಳೇ ಕಂಪ್ಯೂಟರಿಗೆ ತಾವೇ ಕೂತು ಲಿನಕ್ಸ್ ಹಾಕಿ, ಅದರ ಮೇಲೆ ನಾನು ಮಾಡಿದ 'ಪಂದಲ್' ಸಾಫ್ಟ್‌ವೇರ್ ಹಾಕಿ, ಶನಿವಾರ ಮಕ್ಕಳಿಗೆ ಆಟ ಆಡಲು ಬಿಡುತ್ತಾರೆ. 'ತಂಗಚ್ಚಿ, ಹೊಸ ಪಂದಲ್ ಹಾಕಿದ ಮೇಲೆ ಮೆಷಿನ್ನುಗಳು ತೂಕಡಿಸುತ್ತಿವೆ. ನನ್ನ ಇಮೇಲೂ ತೆರೆಯುತ್ತಿಲ್ಲ, ಯಾರೋ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಎರಡಕ್ಕೂ ಸಂಬಂಧ ಇದೆಯಾ?'

ಇಲ್ಲ ಅಂತ ಬರೆದೆ. ಪಾಸ್‌ವರ್ಡ್ ಮರೆತಿರಬೇಕು ಅಂತಲೂ ಬರೆದೆ. ವಿಂಡೋಸ್‌ಗೆ ಮಾಡಿದ ಆಟಗಳನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಓಡಿಸುವುದು ದೊಡ್ಡ ತಲೆನೋವು, ಆ ತಲೆನೋವನ್ನು ಪಂದಲ್ ತಾನು ತೆಗೆದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ದ್ರಾಕ್ಷಿಬಳ್ಳಿ ಹಬ್ಬಲು ಪಂದಲ್, ಅಂದರೆ ಚಪ್ಪರ, ಇದ್ದ ಹಾಗೆ. ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದೇನೆ, ಯಾರು ಬೇಕಾದರೂ ನೋಡಬಹುದು. ಜಗತ್ತಿನಲ್ಲಿ ನಾಲ್ಕು ಸಾವಿರ ಜನ ಹಾಕಿಕೊಂಡಿದ್ದಾರೆ. ಅದರಲ್ಲಿ ಕದಿಯುವಂಥದ್ದು ಏನಿರುತ್ತದೆ?

ಆದರೂ ಈ ಸಲದ ಆವೃತ್ತಿ ನಾನು ಕಟ್ಟಿದ್ದಲ್ಲ. ಮೋಹನ್‌ರಾಜ್ ಅಣ್ಣ ಕಟ್ಟಿ ಕಳಿಸಿದ್ದು.

4 ಮಾರ್ಚ್, ಮಂಗಳವಾರ, ಕಾಲೇಜು ಲ್ಯಾಬ್, ಊಟದ ಹೊತ್ತು

ಕಾಲೇಜಿನ ಕೆಲಸಕ್ಕೆ ಹೋಗುವ ಚಿನ್ನಮನೂರಿನ ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಇಳಿಯುವ ಸ್ಟಾಪು ದಾಟಿ ಹೋಗಿ, ಶೇರ್ ಆಟೋ ಹಿಡಿದು ವಾಪಸು ಬಂದೆ.

ಮೋಹನ್‌ರಾಜ್ ಅಣ್ಣನನ್ನು ನಾನು ಕಣ್ಣಲ್ಲಿ ಕಂಡಿಲ್ಲ. ಹೋದ ವರ್ಷ ತಮಾಷೆಗೆ ಪಂದಲ್‌ನ ಮೆನುವನ್ನು ನಮ್ಮ ಮನೆ ಮಾತಿಗೆ ತಿರುಗಿಸಿದ್ದೆ. 'ಆಟ ಶುರು ಮಾಡು', 'ಕೊಂಚ ತಾಳು', 'ಸಾಕು ಎದ್ದೇಳು'. ಜೊತೆಗೆ ಮುನ್ನೂರು ಪದಗಳ ಪಟ್ಟಿ, ಅವ್ವ ಮಾತಾಡಿದ ನಲವತ್ತು ಧ್ವನಿಮುದ್ರಣ. ನೂರಾರು ವರ್ಷದ ಹಿಂದೆ ಕನ್ನಡನಾಡು ಬಿಟ್ಟು ಬಂದು ಈ ಕಣಿವೆಯಲ್ಲಿ ಬೇರು ಬಿಟ್ಟವರ ಮಾತು ಎಲ್ಲಾದರೂ ಉಳಿದಿರಲಿ ಅಂತ. ಡಿಸೆಂಬರಿನಲ್ಲಿ ಇವನ ಸಂದೇಶ ಬಂತು, ನಮ್ಮ ಮಾತಿನಲ್ಲೇ: 'ತಂಗಚ್ಚೀ, ನಾನೂ ನಮ್ಮೋರೇ. ತೇವಾರಂ ಕಡೆಯೋನು, ಈಗ ಕೋಯಮತ್ತೂರಲ್ಲಿ ಇದ್ದೀನಿ.' ನಮ್ಮ ಕುಲದ ಹೆಸರನ್ನೇ ಹೇಳಿದ. ಒಂದೇ ಕುಲ ಅಂದರೆ ಪಂಗಾಳಿ, ಒಡಹುಟ್ಟಿದ ಅಣ್ಣನ ಲೆಕ್ಕ. ಇಂಟರ್‌ನೆಟ್ಟಿನ ಆ ಸಂತೆಯಲ್ಲಿ ಯಾರೋ ನನ್ನ ಅವ್ವನ ಹಾಗೆ ಮಾತಾಡಿದರೆ ನನಗೆ ಹೇಗಾಗಬೇಡ! ಕುಣಿದುಬಿಟ್ಟಿದ್ದೆ.

ಕೋಡನ್ನೆಲ್ಲ ಈಗ ಸಾಲು ಸಾಲಾಗಿ ನೋಡಿದೆ. ಚೊಕ್ಕಟವಾಗಿದೆ. ಸುಮ್ಮನೆ ಹೆದರಿದ್ದೆ, ಪೆದ್ದಿ.

5 ಮಾರ್ಚ್, ಬುಧವಾರ

ಕೋಡ್ ಚೊಕ್ಕಟ. ಪೊಟ್ಟಣ ಚೊಕ್ಕಟವಿಲ್ಲ.

ಎಲ್ಲರೂ ಕಣ್ಣು ಹಾಕುವುದು ತೆರೆದಿಟ್ಟ ಕೋಡಿನ ಮೇಲೆ. ಜನ ಹಾಕಿಕೊಳ್ಳುವುದು ಅದನ್ನು ಕಟ್ಟಿ ಕಳಿಸಿದ ಪೊಟ್ಟಣವನ್ನು. ಎರಡೂ ಒಂದೇ ಅಂತ ಎಲ್ಲರ ನಂಬಿಕೆ, ಬಿಚ್ಚಿ ನೋಡುವವರು ಯಾರು? ಈವತ್ತು ನಾನು ಬಿಚ್ಚಿದೆ. ಒಳಗೆ 'ಸದ್ದು ಪರೀಕ್ಷೆ' ಅಂತ ಹೆಸರಿಟ್ಟ ಒಂದು ಕಡತ, ನಾನು ಎಂದೂ ಕಾಣದ್ದು. ಅದನ್ನು ತೆರೆದು ಓಡಿಸುವ ಎರಡು ಸಾಲು ಬೇರೆ.

ಅಣ್ಣನಿಗೆ ನಯವಾಗಿ ಕೇಳಿದೆ. ಎರಡೇ ನಿಮಿಷಕ್ಕೆ ಉತ್ತರ: 'ಅದು ಸ್ಪೀಕರ್ ಸರಿ ಇದ್ಯಾ ಅಂತ ನೋಡಕ್ಕೆ ತಂಗಚ್ಚಿ. ನೀನ್ ಯಾಕ್ ಅಂಜ್ತೀಯೆ? ನಾನಿಲ್ವಾ?'

ಇದ್ದಾನಲ್ಲ. ಸಮಾಧಾನ ಮಾಡಿಕೊಳ್ಳಬೇಕು.

6 ಮಾರ್ಚ್

ಸಮಾಧಾನ ಆಗಲಿಲ್ಲ.

8 ಮಾರ್ಚ್, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ನನ್ನ ಹಳೇ ಲ್ಯಾಪ್‌ಟಾಪನ್ನು ತೊಳೆದು ಲಿನಕ್ಸ್ ಹಾಕಿ, ಹೊಸ ಪಂದಲ್ ಹಾಕಿದೆ. ಬ್ರೌಸರಿನಲ್ಲಿ ಸುಳ್ಳು ಹೆಸರು, ಸುಳ್ಳು ಪಾಸ್‌ವರ್ಡ್ ಉಳಿಸಿಟ್ಟೆ. ಏನು ಹೊರಗೆ ಹೋಗುತ್ತದೆ ಅಂತ ಇನ್ನೊಂದು ಕಂಪ್ಯೂಟರಿನಿಂದ ಕಾದು ನೋಡಿದೆ. ಆಟ ಶುರುವಾದ ಹನ್ನೊಂದನೇ ನಿಮಿಷಕ್ಕೆ ನನ್ನ ಸುಳ್ಳು ಪಾಸ್‌ವರ್ಡುಗಳೆಲ್ಲ ಗಂಟು ಕಟ್ಟಿಕೊಂಡು ಯಾವುದೋ ಗೊತ್ತಿಲ್ಲದ ವಿಳಾಸಕ್ಕೆ ಹೊರಟವು.

ಅಯ್ಯೋ, ಕಾಮರಾಜ್ ಸಾರ್!

ಪೊಟ್ಟಣವನ್ನು ತೆಗೆದುಹಾಕೋಣ ಅಂತ ಓಡಿದರೆ ಜಾಲತಾಣದಲ್ಲಿ ಪಂದಲ್ ಇಟ್ಟ ನನ್ನ ಜಾಗಕ್ಕೇ ನನಗೆ ಪ್ರವೇಶವಿಲ್ಲ. ಅವನು ನನ್ನನ್ನು ಹೊರಗೆ ಹಾಕಿದ್ದಾನೆ. ನಾನು ನೋಡಿದ್ದು ಅವನಿಗೆ ಹೇಗೆ ಗೊತ್ತಾಯಿತೋ, ತಕ್ಷಣ ಸಂದೇಶ ಬಂತು: 'ತಂಗಚ್ಚೀ, ಹದಿನೈದ್ ದಿನ ಬಾಯ್ ಮುಚ್ಕೊಂಡಿರು. ಆಮೇಲ್ ನಾನ್ ಯಾರೋ ನೀನ್ ಯಾರೋ. ಕೂಗ್ದೆ ಅಂದ್ರೆ ಎಲ್ಲಾದ್ರ ಮೇಲೂ ನಿನ್ ಸಹಿನೇ ಐತೆ, ನೋಡ್ಕೋ. ತೋಟದ ಮೋಟಾರ್ ಮನೆ ಪಕ್ಕ ಇರೋ ನೀಲಿ ತೊಟ್ಟಿ ಚಂದಾಗೈತೆ.'

ಅವನು ಹೇಳಿದ್ದು ನಿಜ. ಪ್ರತಿ ಪೊಟ್ಟಣದ ಮೇಲೂ ನನ್ನ ಡಿಜಿಟಲ್ ಸಹಿ ಇರುತ್ತದೆ. ಸಹಿ ಕಂಡರೆ ಜನರ ಕಂಪ್ಯೂಟರ್ ಮರುಮಾತಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಸಹಿ ಹಾಕುವ ಗುಟ್ಟಿನ ಕಡತವೇ ನನ್ನ ಬೀಗದ ಕೈ. ಅದನ್ನೂ ಜಾಲತಾಣದ ಪಾಸ್‌ವರ್ಡನ್ನೂ ಅವನ ಕೈಗೆ ನಾನೇ ಕೊಟ್ಟೆ, ಜನವರಿ ಇಪ್ಪತ್ತನಾಲ್ಕಕ್ಕೆ. ಅಪ್ಪನ ಅಪ್ಪ ಮಾಯಾಂಡಿ ತಾತ ತೀರಿಕೊಂಡು ನಾಲ್ಕು ದಿನ ಆಗಿತ್ತು. ಹದಿನಾರು ದಿನ ಸೂತಕ, ಮನೆಯಿಂದ ಹೊಸದೇನೂ ಹೊರಗೆ ಹೋಗಬಾರದು. ಹೊಸ ಆವೃತ್ತಿಗೆ ಜನ ಕಾಯುತ್ತಿದ್ದರು. 'ನೀನ್ ಅಳ್ತಾ ಕೂತಿರು ತಂಗಚ್ಚಿ, ನಾನ್ ನೋಡ್ಕೊಂತೀನಿ' ಅಂದ. ಸೂತಕದ ಮನೆ ಕೆಲಸ ಸಂಬಂಧಿಕರು ನೋಡಿಕೊಳ್ಳುವುದು ವಾಡಿಕೆಯಲ್ಲವೇ, ಕೊಟ್ಟೆ.

ನೀಲಿ ತೊಟ್ಟಿ ಅವನಿಗೆ ಹೇಗೆ ಗೊತ್ತು?

9 ಮಾರ್ಚ್, ಭಾನುವಾರ

ಹತ್ತು ಗಂಟೆಗೆ ಮನೆ ಮುಂದೆ ಒಂದು ಬೈಕು ನಿಂತಿತು. ಹೆಲ್ಮೆಟ್ ತೆಗೆಯದೆ ಒಬ್ಬ ಇಳಿದ. ನಾನು ಬಾಗಿಲ ಹಿಂದೆ ಒನಕೆ ಹಿಡಿದು ನಿಂತೆ. ಅವನು 'ಪೊನ್ನುಸಾಮಿ ಅಣ್ಣಾ' ಅಂತ ಅಪ್ಪನನ್ನು ಕೂಗಿ, ಬಳ್ಳಿಗೆ ಹೊಡೆಯುವ ಔಷಧದ ಡಬ್ಬ ಕೊಟ್ಟು ಹೋದ. ಅಪ್ಪ ಒನಕೆ ನೋಡಿ, ಏನು ಕುಟ್ಟುತ್ತೀಯ ಅಂತ ಕೇಳಿದರು. ಅರಿಶಿನ ಅಂದೆ. ಮನೆಯಲ್ಲಿ ಅರಿಶಿನದ ಕೊಂಬೇ ಇರಲಿಲ್ಲ.

ಅಮ್ಮ ಇದ್ದಿದ್ದರೆ ಮುಖ ನೋಡಿಯೇ ಹಿಡಿಯುತ್ತಿದ್ದಳು. ಅಕ್ಕನ ಹೆರಿಗೆಗೆ ಅಂತ ದಿಂಡಿಗಲ್ಲಿಗೆ ಹೋಗಿದ್ದಾಳೆ. ಫೋನಿನಲ್ಲಿ ಚೆನ್ನಾಗಿದ್ದೀನಿ ಅಂದೆ.

ನೀಲಿ ತೊಟ್ಟಿಯ ಲೆಕ್ಕ ಸಿಕ್ಕಿತು. ಅವ್ವನ ಧ್ವನಿಮುದ್ರಣದ ಪುಟಕ್ಕೆ ನಾನೇ ಹಾಕಿದ ಫೋಟೋದ ಹಿಂದೆ ತೊಟ್ಟಿ ನಿಂತಿದೆ. ಅವನು ಇಲ್ಲಿಗೆ ಬಂದಿಲ್ಲ. ಬಂದಿಲ್ಲ ಅಂತ ಗೊತ್ತಾದ ಮೇಲೂ ಒನಕೆಯನ್ನು ಬಾಗಿಲ ಹಿಂದೆಯೇ ಇಟ್ಟಿದ್ದೇನೆ.

ಅವ್ವ 'ಪಾಪಾ, ಉಂಡ್ಯಾ?' ಅಂತ ಕೇಳಿದಳು. ಉಂಡೆ ಅಂತ ತಮಿಳಿನಲ್ಲಿ ಹೇಳಿ ಒಳಗೆ ಬಂದೆ.

11 ಮಾರ್ಚ್, ಮಂಗಳವಾರ

ಊಟದ ಬಿಡುವಿನಲ್ಲಿ ಲ್ಯಾಬಿಗೆ ಬಂದರೆ ಎರಡನೇ ವರ್ಷದ ಹುಡುಗಿಯರು ಕಾರ್ ರೇಸಿನಲ್ಲಿ ಮುಳುಗಿದ್ದಾರೆ. ಪಂದಲ್ ಮೇಲೆ! ಇವರಿಗೆ ಅದನ್ನು ತೋರಿಸಿಕೊಟ್ಟವಳು ನಾನೇ, ಹೆಮ್ಮೆಯಿಂದ. ಗೋಡೆಯಲ್ಲಿದ್ದ ನೆಟ್‌ವರ್ಕ್ ಕೇಬಲನ್ನು ಕಿತ್ತು ಎಳೆದೆ. ಯುವಶ್ರೀ ಅಂತ ಒಬ್ಬಳಿದ್ದಾಳೆ, ಬಾಯಿ ಸುಮ್ಮನಿರುವುದಿಲ್ಲ. 'ಮೇಡಂ, ನಾನ್ ಗೆಲ್ಲೋ ಹೊತ್ತಿಗೇ ಕಿತ್ತ್ರಾ? ಒಂದ್ ಲ್ಯಾಪ್ ಬಾಕಿ ಇತ್ತು!' ಅವಳೂ ನಮ್ಮವಳೇ, ಮಾತು ತಮಿಳು ಅರ್ಧ ನಮ್ಮದು ಅರ್ಧ.

'ಲ್ಯಾಬ್ ಅಪ್‌ಡೇಟ್' ಅಂದೆ. ಸಂಜೆ ಐದರ ತನಕ ಕೂತು ನಲವತ್ತು ಮೆಷಿನ್ನಿನಿಂದ ಪಂದಲ್ ತೆಗೆದೆ. ಎಲ್ಲರ ಕೈಯಲ್ಲೂ ಪಾಸ್‌ವರ್ಡ್ ಬದಲಿ ಮಾಡಿಸಿದೆ. ಕಾರಣ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ನನ್ನಂಥ ಪುಕ್ಕಲಿ ಈ ಕಣಿವೆಯಲ್ಲಿ ಇನ್ನೊಬ್ಬಳಿರಲಾರಳು.

12 ಮಾರ್ಚ್

ಭಯ. ಬೇರೆ ಏನೂ ಇಲ್ಲ.

13 ಮಾರ್ಚ್, ಗುರುವಾರ

ಕಾಲೇಜಿಗೆ ರಜೆ ಹಾಕಿ ತೇವಾರಂಗೆ ಹೋದೆ. ಪಂದಲ್ ತೆಗೆದುಹಾಕಿ ಸಾರ್, ಅದರಲ್ಲಿ ದೋಷ ಇದೆ, ಅಂತ ಅಷ್ಟೇ ಹೇಳಿ ಬರುವ ಲೆಕ್ಕ.

ಕಾಮರಾಜ್ ಸಾರ್ ಮನೆಯಲ್ಲೇ ಇದ್ದರು, ಕೆಲಸದ ದಿನದಲ್ಲಿ. ಮುಖ ಕ್ಷೌರ ಮಾಡಿರಲಿಲ್ಲ. ಅವರ ಹೆಂಡತಿ ತಮಿಳರಸಿಯಕ್ಕ ಚಹಾ ತಂದಿಟ್ಟು ಒಳಗೆ ಹೋದರು. ಸಾರ್ ಇಮೇಲಿನಿಂದ ಮಕ್ಕಳ ತಾಯಂದಿರಿಗೆಲ್ಲ ಕೊಳಕು ಸಂದೇಶಗಳು ಹೋಗಿವೆಯಂತೆ. ಕೆಲವಕ್ಕೆ ಫೋಟೋ ಬೇರೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಮನುಷ್ಯ. ಈಗ ಶಾಲೆಗೆ ಬರಬೇಡಿ ಅಂದಿದ್ದಾರೆ. ಸೋಮವಾರ ಹತ್ತೂವರೆಗೆ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ವಿಚಾರಣೆ, ಮೇಲಿನ ಆಫೀಸಿನಿಂದ ಅಧಿಕಾರಿ ಬರುತ್ತಾರೆ.

'ನಾನ್ ಕಳ್ಸಿಲ್ಲ ಅಂದ್ರೆ ಯಾರ್ ನಂಬ್ತಾರೆ ತಂಗಚ್ಚಿ? ಪಾಸ್‌ವರ್ಡ್ ನನ್ನದು, ಹೆಸರು ನನ್ನದು. ಬೀದಿಯಲ್ಲಿ ಒಬ್ಬಳು ತಾಯಿ ನನ್ನ ಕಂಡು ಮಗಳನ್ನ ಎಳ್ಕೊಂಡು ಆ ಕಡೆಗೆ ದಾಟಿದ್ಲು.' ಇದನ್ನು ಹೇಳುವಾಗ ಚಹಾದ ಲೋಟವನ್ನೇ ನೋಡುತ್ತಿದ್ದರು.

ಅವರನ್ನು ಬಿಟ್ಟರೆ, ಅವರು ಕಳಿಸಿಲ್ಲ ಅಂತ ಈ ಭೂಮಿಯ ಮೇಲೆ ಗೊತ್ತಿರುವುದು ಇಬ್ಬರಿಗೆ. ಒಬ್ಬ ಆ ಮೋಹನ್‌ರಾಜ್, ಇನ್ನೊಬ್ಬಳು ನಾನು. ಚಹಾ ಕುಡಿದೆ. ಪಂದಲ್ ತೆಗೆದುಹಾಕಿ ಅಂದೆ. ಎದ್ದು ಬಂದೆ. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡೇ ಬಂದೆ. ಥೂ ನನ್ನ ಜನ್ಮಕ್ಕೆ!

14 ಮಾರ್ಚ್, ಶುಕ್ರವಾರ

ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಹತ್ತಿರ ಕೂರಲು ಹೇಳಿದಳು.

'ಪಾಪಾ, ಒಂದ್ ವಾರಾತು ನೀನ್ ನನ್ಕೂಡೆ ನಮ್ ಮಾತಾಡಿ. ತಮಿಳೇ ಆಡ್ತೀಯೆ. ನಾನ್ ಏನ್ ತಪ್ಪ್ ಮಾಡ್ದೆ?'

ನನಗೆ ಅದು ಗೊತ್ತೇ ಇರಲಿಲ್ಲ. ಯೋಚಿಸಿದರೆ ಹೌದು. ನಮ್ಮ ಮಾತು ಕಿವಿಗೆ ಬಿದ್ದರೆ ಅವನ ಸಂದೇಶ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಅಳು ಬಂತು. ಬಂದದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟೆ. ಕಂಪ್ಯೂಟರಿನ ಭಾಗ ಅವಳಿಗೆ ಎಷ್ಟು ಅರ್ಥವಾಯಿತೋ, ಬೀಗದ ಕೈ ಅಂದದ್ದು ಚೆನ್ನಾಗಿ ಅರ್ಥವಾಯಿತು. ಹುಣಸೆಬೀಜವನ್ನು ಮೊರಕ್ಕೆ ಎಸೆದು ಕೇಳಿದಳು:

'ಯಾವಾಗ್ ಕೊಟ್ಟೆ?'

'ತಾತನ ಸೂತಕದಾಗೆ.'

'ಪಂಗಾಳಿ ಕೈಗಾ?' ಅವ್ವ ನನ್ನನ್ನೇ ನೋಡಿದಳು. 'ಅಡಿ ಪೈತ್ಯಾಕಾರಿ, ಹುಚ್ಚೀ! ಪಂಗಾಳಿ ಅಂದ್ರೆ ಅವನ್ಗೂ ಸೂತಕ ಅಲ್ವೇನೇ? ನಮ್ ಮನ್ಯಾಗ್ ಸಾವಾದ್ರೆ ಅವನೂ ಹದಿನಾರ್ ದಿನ ಕೈ ಕಟ್ಕೊಂಡ್ ಕೂರ್‌ಬೇಕು. ಸೂತಕದ ಮನೆ ಬೀಗದ ಕೈ ಮಾಮನ್ ಕಡೆಯೋರಿಗ್ ಕೊಡ್ತಾರೆ, ಹೆಣ್ಣ್ ಕೊಟ್ಟೋರಿಗೆ, ತಂದೋರಿಗೆ. ಪಂಗಾಳಿಗ್ ಯಾರ್ ಕೊಡ್ತಾರೆ? ಅವನ್ ಕೇಳಿದ್ನಾ, ಹದಿನಾರ್ನೇ ದಿನ ಯಾವತ್ತು ಅಂತ? ತಲೆಗ್ ನೀರ್ ಹಾಕ್ಕೊಂಡ್ನಾ?'

ಕೇಳಿರಲಿಲ್ಲ. ಹೋಗಲಿ, ಹೋದವರು ಯಾರು, ಏನಾಗಿತ್ತು ಅಂತಲೂ ಕೇಳಿರಲಿಲ್ಲ. ನಾನು ಅಳುತ್ತಿದ್ದಾಗ 'ನಂಗೆ ಬೇಕಾದಷ್ಟ್ ಟೈಮ್ ಐತೆ, ಕೊಡು' ಅಂದಿದ್ದ. ನಮ್ಮವರ ಮನೆಯಲ್ಲಿ ಹುಟ್ಟಿದ ಯಾವನಾದರೂ 'ನಂಗೂ ಸೂತಕ ತಂಗಚ್ಚಿ' ಅನ್ನದೆ ಇರುತ್ತಾನೆಯೇ? ನನ್ನದು ವಾಡಿಕೆ ಅರ್ಧ ಗೊತ್ತಿದ್ದವಳ ತಪ್ಪು. ಸಂಬಂಧಿಕರು ನೋಡಿಕೊಳ್ಳುತ್ತಾರೆ ಅನ್ನುವುದು ಗೊತ್ತಿತ್ತು. ಯಾವ ಸಂಬಂಧಿಕರು ಅನ್ನುವುದು ಗೊತ್ತಿರಲಿಲ್ಲ.

ಅವನ ಹಳೇ ಸಂದೇಶಗಳನ್ನೆಲ್ಲ ಮಧ್ಯಾಹ್ನ ಕೂತು ಓದಿದೆ. ನನ್ನ ಮುನ್ನೂರು ಪದದ ಪಟ್ಟಿಯಲ್ಲಿ, ಅವ್ವನ ನಲವತ್ತು ಮುದ್ರಣದಲ್ಲಿ ಇಲ್ಲದ ಒಂದೇ ಒಂದು ಮಾತೂ ಅವನ ಬಾಯಲ್ಲಿಲ್ಲ. ಕುಲದ ಹೆಸರೂ ಅಲ್ಲಿಂದಲೇ. ಪಂಗಾಳಿ ಅನ್ನುವ ಪದಕ್ಕೆ ನಾನು ಬರೆದ ಅರ್ಥ, 'ಒಂದೇ ಕುಲದವರು, ಅಣ್ಣತಮ್ಮಂದಿರ ಸಮ. ಇಲ್ಲ ಅನ್ನಬಾರದು.' ಸೂತಕದ ವಿಷಯ ಬರೆದಿರಲಿಲ್ಲ, ಹಾಗಾಗಿ ಅವನಿಗೂ ಗೊತ್ತಾಗಿಲ್ಲ. ಅವನಿಗೆ ನಮ್ಮ ಮಾತು ಕಲಿಸಿದವಳು ನಾನು.

ಅವನು ನಮ್ಮವನಲ್ಲ ಅಂತ ಗೊತ್ತಾದಾಗ ಒಂದು ಗಳಿಗೆ ಹಾಯೆನಿಸಿತು. ಆಮೇಲೆ ಭಯ ಇನ್ನೂ ಹೆಚ್ಚಾಯಿತು. ಹಾಗಾದರೆ ಯಾರು? ಎಲ್ಲಿದ್ದಾನೆ? ಒಬ್ಬನೋ, ಹತ್ತು ಜನವೋ?

15 ಮಾರ್ಚ್, ಶನಿವಾರ

ಅಪ್ಪನಿಗೆ ಹೇಳು ಅಂತ ಅವ್ವ ತೋಟಕ್ಕೆ ಅಟ್ಟಿದಳು. ಅಪ್ಪ ಪಂದಲ್ ಕೆಳಗೆ ಬಗ್ಗಿ ಬಳ್ಳಿ ಕಟ್ಟುತ್ತಿದ್ದರು. ನಾನು ಹೇಳಿ ಮುಗಿಸುವ ಹೊತ್ತಿಗೆ ಅವರ ಕೈಯಲ್ಲಿದ್ದ ಹುರಿ ಕೆಳಗೆ ಬಿದ್ದಿತ್ತು. ಅಪ್ಪ ಹೆದರಿದ್ದನ್ನು ನಾನು ಈ ಮೊದಲು ಕಂಡಿರಲಿಲ್ಲ.

'ಯಾರ್ಗೂ ಹೇಳ್ಬ್ಯಾಡ ತಾಯಿ. ಪೊಲೀಸ್ ಅಂದ್ರೆ ಸುಮ್ನೇನಾ? ನಿನ್ನೇ ಹಿಡ್ಕೊಂಡ್ ಹೋದ್ರೆ? ನೀನ್ ಹೆಣ್ಣ್ ಪುಳ್ಳೆ, ಹೆಣ್ಣ್ ಮಗ. ಆ ಇಸ್ಕೂಲ್ ವಾದ್ಯಾರ್ ಗಂಡ್ಸು, ಹೆಂಗೋ ಸಮಾಳಿಸ್ಕೊಂತಾರೆ.'

'ಅವರ್ ಸಮಾಳಿಸ್ಕೊಳಲ್ಲಪ್ಪಾ. ಅವರ್ ಕ್ಷೌರಾನೂ ಮಾಡ್ಕೊಂಡಿಲ್ಲ.'

'ನಂಗೆ ಅವರ್ ಬ್ಯಾಡ. ನಂಗೆ ನೀನ್ ಬೇಕು' ಅಂದರು ಅಪ್ಪ. ಇಬ್ಬರೂ ಸೇರಿ ಎರಡು ಸಾಲು ಬಳ್ಳಿ ಕಟ್ಟಿದೆವು.

ಮನೆಗೆ ಬಂದು ಎಚ್ಚರಿಕೆಯ ಪತ್ರವನ್ನು ಬರೆದು ನೋಡಿದೆ. ಸುಮ್ಮನೆ, ಹೇಗಿರುತ್ತದೆ ಅಂತ. ಯಾವ ಆವೃತ್ತಿ, ಯಾವ ಕಡತ, ಎಲ್ಲಿಗೆ ಕಳಿಸುತ್ತದೆ, ಹೇಗೆ ತೆಗೆಯಬೇಕು, ಯಾವ ಯಾವ ಪಾಸ್‌ವರ್ಡ್ ಬದಲಾಯಿಸಬೇಕು. ಕಳಿಸುವುದಿಲ್ಲ. ಬರೆದು ಇಟ್ಟಿದ್ದೇನೆ ಅಷ್ಟೇ. ನಾಲ್ಕು ಸಾವಿರ ಜನರಲ್ಲಿ ಇನ್ನೆಷ್ಟು ಮಂದಿ ಕಾಮರಾಜ್ ಸಾರ್ ಇದ್ದಾರೋ.

16 ಮಾರ್ಚ್, ಭಾನುವಾರ

ಇದನ್ನು ಬರೆಯದೆ ಇರಲಾರೆ.

ಮಧ್ಯಾಹ್ನ ಮೂರಕ್ಕೆ ಗೊತ್ತಿಲ್ಲದ ನಂಬರಿನಿಂದ ಧ್ವನಿ ಸಂದೇಶ ಬಂತು. ಒತ್ತಿದೆ. ಅವ್ವ ಮಾತಾಡಿದಳು.

'ಪಾಪಾ, ತಿಲಗಾ, ಬಾಯ್ ಮುಚ್ಕೊಂಡಿರು ಕಣ್ಣೂ. ಕೂಗ್‌ಬ್ಯಾಡ. ಕೂಗಿದ್ರೆ ಈ ಮುದುಕಿಗೆ ಏನಾಗುತ್ತೋ ಯಾರ್ ಕಂಡ್ರು.'

ಅವ್ವನದೇ ಧ್ವನಿ. ಎಲೆ ಅಡಿಕೆ ಜಗಿದು ಸ್ವಲ್ಪ ಒರಟಾದ ಆ ಗಂಟಲೇ, ಕಣ್ಣೂ ಅಂತ ಎಳೆಯುವ ರೀತಿಯೇ. ಅವಳನ್ನು ಎಲ್ಲೋ ಹೊತ್ತುಕೊಂಡು ಹೋಗಿದ್ದಾರೆ ಅಂದುಕೊಂಡು ಅವ್ವಾ ಅಂತ ಕಿರುಚುತ್ತಾ ಹಿತ್ತಲಿಗೆ ಓಡಿದೆ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಮೊನ್ನೆಯ ಹುಣಸೆಹಣ್ಣಿಗೆ ಉಪ್ಪು ಹಾಕುತ್ತಿದ್ದಳು.

ನಲವತ್ತು ಧ್ವನಿಮುದ್ರಣ! ಅದರಿಂದ ಯಂತ್ರಕ್ಕೆ ಕಲಿಸಿದ್ದಾನೆ. ಈಗ ಅವ್ವ ಆಡದೆ ಇದ್ದ ಮಾತನ್ನೂ ಅವ್ವನ ಬಾಯಲ್ಲಿ ಆಡಿಸಬಲ್ಲ.

ಫೋನನ್ನು ಅವಳಿಂದ ಬಚ್ಚಿಡಬೇಕು ಅಂದುಕೊಂಡೆ. ಬಿಡಲಿಲ್ಲ. ಕಿವಿಯ ಹತ್ತಿರ ಹಿಡಿಸಿಕೊಂಡು ಎರಡು ಸಲ ಕೇಳಿದಳು. ತನ್ನ ಕುತ್ತಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಹೆದರಿದ್ದಳು, ನನಗಿಂತ ಹೆಚ್ಚು. ಆಮೇಲೆ ಕೋಪ ಬಂತು.

'ನಾನಾ ಇದು? ಪಾಪಾ, ನೀನ್ ಹುಟ್ಟಿ ಇಪ್ಪತ್ತೇಳ್ ವರ್ಷಾತು. ಬಾಯ್ ಮುಚ್ಚು ಅಂತ ನಿಂಗೆ ನಾನ್ ಒಂದ್ ದಿನಾ ಅಂದಿದ್ದೀನಾ?'

ಇಲ್ಲ. ತಾತ ಅಂದಿದ್ದಾರೆ, ಅಮ್ಮ ಅನ್ನುತ್ತಲೇ ಇರುತ್ತಾಳೆ, ಅಪ್ಪ ನಿನ್ನೆ ಅಂದರು. ಅವ್ವ ಯಾವತ್ತೂ ಅಂದಿಲ್ಲ.

'ಇಲ್ಲವ್ವಾ' ಅಂದೆ.

'ಹಂಗಾರೆ ನನ್ ಗಂಟ್ಲಾಗ್ ಇನ್ಯಾರೋ ಅಂದಿದ್ದನ್ನ ನೀನ್ ಕೇಳ್ತೀಯಾ?'

ಪತ್ರದ ಕೆಳಗೆ ನನ್ನ ಹೆಸರು ಹಾಕಿದೆ. ತಿಲಗವತಿ ಪೊನ್ನುಸಾಮಿ, ಕಂಬಂ. ಸಹಿಯ ಬೀಗದ ಕೈಯನ್ನು ನಾನೇ ಅಪರಿಚಿತನಿಗೆ ಕೊಟ್ಟೆ ಅಂತ ಮೊದಲ ಸಾಲಿನಲ್ಲೇ ಬರೆದೆ. ಪಂದಲ್ ಜಾಗ ಅವನ ಕೈಯಲ್ಲಿದೆ, ಆದರೆ ಲಿನಕ್ಸ್ ಆಟದವರು ಸೇರುವ ಹರಟೆಕಟ್ಟೆಗಳಿಗೆ, ಭದ್ರತೆ ನೋಡುವವರ ಇಮೇಲ್ ಪಟ್ಟಿಗಳಿಗೆ ನಾನು ಹೋಗಬಹುದಲ್ಲ. ಇಂಗ್ಲಿಷಿನಲ್ಲಿ, ತಮಿಳಿನಲ್ಲಿ, ನಮ್ಮ ಮಾತಿನಲ್ಲಿ, ಮೂರರಲ್ಲೂ ಹಾಕಿದೆ. ನಾಲ್ಕೂಕಾಲಿಗೆ ಕಳಿಸುವ ಗುಂಡಿ ಒತ್ತಿದೆ.

ಆರಕ್ಕೆಲ್ಲ ಎಲ್ಲಿಯದೋ ಊರಿನ ಒಬ್ಬರು ಪೊಟ್ಟಣ ಬಿಚ್ಚಿ ನೋಡಿ, ಹೌದು ನಿಜ ಅಂತ ಬರೆದರು. ಏಳಕ್ಕೆ ಜಾಲತಾಣದವರು ಪಂದಲನ್ನೇ ಅಲ್ಲಿಂದ ಕಿತ್ತುಹಾಕಿದರು. ಮೂರು ವರ್ಷದ ಕೆಲಸ. ಬೈದವರೇ ಹೆಚ್ಚು. ನಾಲ್ವರು ವಂದನೆ ಹೇಳಿದರು. 'ಇವಳೇ ಕಳ್ಳಿ' ಅಂತಲೂ ಒಬ್ಬ ಬರೆದಿದ್ದಾನೆ.

ಅಪ್ಪ ಊಟ ಮಾಡಲಿಲ್ಲ. ನಾಳೆ ಬೆಳಿಗ್ಗೆ ತೇವಾರಂ ಬಸ್ಸಿಗೆ ಬಿಡುತ್ತೀರಾ ಅಂತ ಕೇಳಿದೆ. ಎದ್ದು ಹಿತ್ತಲಿಗೆ ಹೋದರು.

17 ಮಾರ್ಚ್, ಸೋಮವಾರ, ತೇನಿ

ಸೈಬರ್ ಠಾಣೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಎರಡೂವರೆ. ನನ್ನ ಎರಡು ಲ್ಯಾಪ್‌ಟಾಪೂ ಒಳಗಿವೆ. ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಊಟಕ್ಕೆ ಹೋಗಿದ್ದಾರೆ. ಬರಲಿ ಅಂತಲೂ ಅನ್ನಿಸುತ್ತದೆ, ಬಾರದೇ ಇರಲಿ ಅಂತಲೂ ಅನ್ನಿಸುತ್ತದೆ.

ಬೆಳಿಗ್ಗೆ ಅಪ್ಪ ಬಸ್ಸಿಗೆ ಬಿಡಲಿಲ್ಲ. ಬೈಕಿನಲ್ಲಿ ತೇವಾರಂ ತನಕ ತಾವೇ ಕರೆದುಕೊಂಡು ಹೋದರು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಐದು ಜನ ಇದ್ದರು. ಕಾಮರಾಜ್ ಸಾರ್ ಇಸ್ತ್ರಿ ಮಾಡಿದ ಬಿಳಿ ಷರ್ಟ್ ಹಾಕಿ, ಕೈ ತೊಡೆಯ ಮೇಲಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ. ಪತ್ರ ಕೊಟ್ಟೆ, ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಿದೆ. ಹನ್ನೊಂದು ನಿಮಿಷ ಎಲ್ಲರೂ ಪರದೆ ನೋಡುತ್ತಾ ಕೂತರು. ಹನ್ನೊಂದನೇ ನಿಮಿಷಕ್ಕೆ ಗಂಟು ಹೊರಟಿತು. ಅಧಿಕಾರಿ ಕನ್ನಡಕ ತೆಗೆದು ಕೇಳಿದರು, 'ಬೀಗದ ಕೈಯನ್ನು ಯಾರು ಕೊಟ್ಟದ್ದು?'

'ನಾನೇ.'

ಠಾಣೆಯಲ್ಲಿ ದೂರು ಕೊಟ್ಟ ರಸೀದಿ ತಂದರೆ ವಿಚಾರಣೆ ನಿಲ್ಲಿಸುತ್ತೇವೆ ಅಂದರು. ಹೊರಗೆ ಬಂದಾಗ ಸಾರ್ ನನ್ನ ಮೇಲೆ ಕೂಗಾಡಲಿಲ್ಲ. 'ಗುರುವಾರ ಬಂದಾಗಲೇ ಗೊತ್ತಿತ್ತಾ?' ಅಂತ ಮಾತ್ರ ಕೇಳಿದರು. ಗೊತ್ತಿತ್ತು ಅಂದೆ. ತಲೆಯಾಡಿಸಿ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಅಪ್ಪ ಹೊರಗೆ ಬೇವಿನ ನೆರಳಲ್ಲಿ ನಿಂತಿದ್ದಾರೆ. ಒಳಗೆ ಬರುವ ಧೈರ್ಯ ಇಲ್ಲ, ಬಿಟ್ಟುಹೋಗುವ ಮನಸ್ಸಿಲ್ಲ. ನನಗೂ ಧೈರ್ಯ ಏನೂ ಬಂದಿಲ್ಲ. ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಅವನು ಎಲ್ಲಿದ್ದಾನೋ ಗೊತ್ತಿಲ್ಲ. ಅವ್ವನ ಧ್ವನಿ ಅವನ ಹತ್ತಿರ ಇನ್ನೂ ಇದೆ, ಅದನ್ನು ವಾಪಸು ಇಸಿದುಕೊಳ್ಳುವ ದಾರಿ ಯಾರಿಗೂ ಗೊತ್ತಿಲ್ಲ.

ಈಗ ತಾನೇ ಮನೆಯಿಂದ ಫೋನ್ ಬಂತು. 'ಅವ್ವಾ' ಅಂದೆ. ಆ ಕಡೆ ಸದ್ದಿಲ್ಲ. ಅವಳಿಗೆ ನಾನು ನಾನೇನಾ ಅಂತ ಅನುಮಾನ, ನನಗೆ ಅವಳು ಅವಳೇನಾ ಅಂತ.

ಕೊನೆಗೆ ಅವ್ವನೇ ಬಾಯಿ ಬಿಟ್ಟಳು. 'ನೀನ್ ತಿಲಗಾನೇ ಆಗಿದ್ರೆ ಹೇಳು. ತಾತನ ಹದಿನಾರ್ನೇ ದಿನ ಅಡಿಗೆ ಮನ್ಯಾಗೆ ನೀನ್ ಏನ್ ಚೆಲ್ದೆ? ತಪ್ಪ್ ಯಾರ್ ಮ್ಯಾಲೆ ಹಾಕಿದ್ವಿ?'

ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಯಾವ ಪಟ್ಟಿಯಲ್ಲೂ ಇಲ್ಲ, ಯಾವ ಮುದ್ರಣದಲ್ಲೂ ಇಲ್ಲ. ಈ ಪುಸ್ತಕದಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಪೇದೆಗಳು ತಿರುಗಿ ನೋಡಿದರೆ ನೋಡಲಿ ಅಂತ ಗಟ್ಟಿಯಾಗಿ, ನಮ್ಮ ಮಾತಿನಲ್ಲೇ ಹೇಳಿದೆ. ಅವ್ವ ನಕ್ಕಳು. ಆ ನಗುವನ್ನು ನಾನು ಯಾವತ್ತೂ ರೆಕಾರ್ಡ್ ಮಾಡಿರಲಿಲ್ಲ.

'ಶರಿ, ನೀನೇ' ಅಂದಳು. 'ಅಪ್ಪನ್ಗೂ ಏನಾರ ತಿನ್ನಕ್ಕ್ ಕೊಡ್ಸು. ಬೆಳಿಗ್ಗೆಯಿಂದ ಅವನೂ ಉಂಡಿಲ್ಲ.'